ಸಮಕ್ಕೆ ಬೀಳದ ಲಾಂಡೋ: ಕಹೋನ್ ಜೊತೆ ಜಾಝ್ ನುಡಿಸಲು ನಾನು ಕಲಿತ ಬಗೆ

ಮಾಯೆಸ್ತ್ರೊ, ಅಂದರೆ ನನ್ನ ಗುರುಗಳು, ಮೊದಲ ದಿನ ನನಗೆ ಬೇಸ್ ಗಿಟಾರ್ ಚೀಲದಿಂದ ತೆಗೆಯಲೂ ಬಿಡಲಿಲ್ಲ. ಪೆರು ದೇಶದ ಲೀಮಾ ನಗರದ ಲಾ ವಿಕ್ಟೋರಿಯಾ ಬಡಾವಣೆಯ ಅವರ ಮನೆಯ ಹಜಾರದಲ್ಲಿ ಎರಡು ಕಹೋನ್, ಅಂದರೆ ಮೇಲೆ ಕೂತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆಗಳು, ಎದುರುಬದುರಾಗಿ ಇದ್ದವು. ಒಂದರ ಮೇಲೆ ಅವರು ಕೂತಿದ್ದರು, ಇನ್ನೊಂದನ್ನು ನನಗೆ ತೋರಿಸಿ "ಕೂತ್ಕೊ, ನಾನು ಬಾರಿಸ್ತೀನಿ, ನೀನು ಚಪ್ಪಾಳೆ ಹಾಕು" ಎಂದರು. ನಿಧಾನವಾದ ಒಂದು ಲಾಂಡೋ, ಪೆರುವಿನ ಕಪ್ಪು ಜನರ ಒಂದು ಹಾಡು-ಕುಣಿತದ ನಡೆ, ಶುರುವಾಯಿತು. ನಾನು ತಾಳದ ಎರಡು ಆವರ್ತ ಕೇಳಿ, ಸಮ, ಅಂದರೆ ಆವರ್ತದ ಮೊದಲ ಎಣಿಕೆ, ಎಲ್ಲಿದೆ ಎಂದು ಹಿಡಿದು, ಮೂರನೆಯದಕ್ಕೆ ಸರಿಯಾಗಿ ಅದರ ಮೇಲೆ ಚಪ್ಪಾಳೆ ಹಾಕಿದೆ. ಅವರು ಕೈ ನಿಲ್ಲಿಸಿದರು. ಮತ್ತೆ ಶುರು, ಮತ್ತೆ ಅದೇ. ನಾಲ್ಕನೆಯ ಸಲ ನಗುತ್ತಾ ಹೇಳಿದರು: "ಅಲ್ಲಿ ಯಾರೂ ಇಲ್ಲಪ್ಪ. ಖಾಲಿ ಮನೆ ಬಾಗಿಲು ಯಾಕೆ ಬಡೀತೀಯ?"

ಆ ಖಾಲಿ ಜಾಗದಲ್ಲಿ ಸುಮ್ಮನಿರುವುದನ್ನು ಕಲಿಯಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಆಫ್ರೋ-ಪೆರುವಿಯನ್ ಸಂಗೀತವನ್ನೂ ಜಾಝನ್ನೂ ಬೆರೆಸುವುದು ಹೇಗೆ ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ಎಂಟನೇ ವಯಸ್ಸಿಗೆ ಮೃದಂಗ ಹಿಡಿದವನು. ಕಾಲೇಜಿನಲ್ಲಿ ಬೇಸ್ ಗಿಟಾರ್ ಅಂಟಿಕೊಂಡಿತು, ಆಮೇಲೆ ಅಮೆರಿಕದಲ್ಲಿ ಜಾಝ್ ಓದಿದೆ. ಹೆಂಡತಿಯ ಊರು ಲೀಮಾ, ಹಾಗಾಗಿ ಇಲ್ಲಿಗೆ ಬಂದು ನೆಲೆಸಿದೆ. ಮೃದಂಗದಲ್ಲಿ ಎಷ್ಟೇ ಲೆಕ್ಕಾಚಾರ ಮಾಡಿದರೂ ಕೊನೆಗೆ ಮುಕ್ತಾಯ ಹೇಳಿ ಸಮಕ್ಕೋ ಎಡುಪಿಗೋ (ಹಾಡು ಎತ್ತುವ ಜಾಗಕ್ಕೋ) ಬಂದು ನಿಲ್ಲಬೇಕು, ಅದೇ ಅದರ ಸೊಗಸು. ಜಾಝ್ ಬೇಸಿನಲ್ಲೂ ಬಾರ್‌ನ ಮೊದಲ ಪೆಟ್ಟಿಗೆ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲಸ್ವರ ಕೊಟ್ಟು, ಮಿಕ್ಕವರಿಗೆ ದಾರಿ ತೋರಿಸುವುದು ಕೆಲಸ. ನಾನು ಕಲಿತ ಎರಡು ವಿದ್ಯೆಗಳೂ ಒಂದೇ ಅಭ್ಯಾಸವನ್ನು ಬೆಳೆಸಿದ್ದವು. ಲಾಂಡೋ ಎದುರು ಎರಡೂ ಒಟ್ಟಿಗೆ ಎಡವಿದವು.

ಬೆಂಗಳೂರಿನ ಕೆಫೆಗಳಲ್ಲಿ ಗಿಟಾರ್ ಜೊತೆ ಒಬ್ಬರು ಮರದ ಪೆಟ್ಟಿಗೆ ಮೇಲೆ ಕೂತು ಬಾರಿಸುವುದನ್ನು ನೀವು ನೋಡಿರುತ್ತೀರಿ. ಅದೇ ಕಹೋನ್. ಅದನ್ನು ಸ್ಪೇನಿನ ವಾದ್ಯ ಎಂದುಕೊಂಡವರು ತುಂಬಾ ಜನ, ಏಕೆಂದರೆ 1970ರ ದಶಕದ ಕೊನೆಯಲ್ಲಿ ಫ್ಲಾಮೆಂಕೋ ಗಿಟಾರ್ ವಾದಕ ಪಾಕೋ ದೆ ಲೂಸಿಯಾ ಲೀಮಾಕ್ಕೆ ಬಂದವರು ಇದನ್ನು ತಮ್ಮ ಜೊತೆ ಒಯ್ದರು. ಅಲ್ಲಿ ಅದರೊಳಗೆ ತಂತಿ ಸೇರಿತು, ಝರ್ ಎನ್ನುವ ಸದ್ದು ಬಂತು, ಆ ರೂಪವೇ ಜಗತ್ತೆಲ್ಲ ಹಬ್ಬಿತು. ಪೆರುವಿನ ಕಹೋನ್‌ನಲ್ಲಿ ತಂತಿ ಇಲ್ಲ. ಮುಂದೆ ತೆಳ್ಳನೆಯ ಹಲಗೆ, ಹಿಂದೆ ಒಂದು ತೂತು, ಅಷ್ಟೆ. ನಡುವೆ ಅಂಗೈ ಇಟ್ಟರೆ ಗುಮ್ಮೆನ್ನುವ ತಗ್ಗಿನ ನಾದ, ಮೇಲಂಚಿನಲ್ಲಿ ಬೆರಳು ಬಿದ್ದರೆ ಒಣ ಚಟ್ ಸದ್ದು. ಪೆರುವಿನ ಕರಾವಳಿಯ ಕಬ್ಬು, ಹತ್ತಿ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರನ್ನು ಗುಲಾಮರನ್ನಾಗಿ ದುಡಿಸಿದರು. 1854ರಲ್ಲಿ ಗುಲಾಮಗಿರಿ ರದ್ದಾಗುವವರೆಗೂ, ಆಮೇಲೂ, ಆ ಜನ ಸಾಮಾನಿನ ಪೆಟ್ಟಿಗೆಯಲ್ಲಿ, ಮೇಜಿನ ಖಾನೆಯಲ್ಲಿ, ಕೈಗೆ ಸಿಕ್ಕ ಮರದಲ್ಲಿ ತಮ್ಮ ತಾಳ ಉಳಿಸಿಕೊಂಡರು. 2001ರಲ್ಲಿ ಪೆರು ಸರ್ಕಾರ ಕಹೋನ್ ಅನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ಮತ್ತೆ ಆ ಹಜಾರಕ್ಕೆ ಬರುತ್ತೇನೆ. ಚಪ್ಪಾಳೆ ಬಗೆಹರಿಯದೆ ಹೋದಾಗ ನಾನು ಮನೆಗೆ ಬಂದು, ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲ್ ಮೊರೆಹೊಕ್ಕೆ. ಲಾಂಡೋದ ಒಂದು ಆವರ್ತವನ್ನು ಹನ್ನೆರಡು ಸಣ್ಣ ಎಣಿಕೆಗಳಾಗಿ ನೋಡಬಹುದು. ಅದನ್ನೇ 'ತಕಿಟ ತಕಿಟ ತಕಿಟ ತಕಿಟ' ಎಂದರೆ ನಾಲ್ಕು, 'ತಕ ತಕ ತಕ ತಕ ತಕ ತಕ' ಎಂದರೆ ಆರು. ಎಡಗಾಲಲ್ಲಿ ನಾಲ್ಕು, ಕೈಯಲ್ಲಿ ಆರು, ಬಾಯಲ್ಲಿ ಹಾಡಿನ ಸಾಲು: ಬೆಳಗಿನ ಕಾಫಿ ಇಳಿಯುವವರೆಗೂ ಅಡುಗೆಮನೆಯಲ್ಲಿ ಇದೇ ಪಾಠ. ಈ ಎರಡು ನಡೆಗಳು ಒಂದನೆಯ ಮತ್ತು ಏಳನೆಯ ಎಣಿಕೆಯಲ್ಲಿ ಮಾತ್ರ ಕೂಡುತ್ತವೆ. ಒಂದನೆಯ ಎಣಿಕೆಯನ್ನು ಖಾಲಿ ಬಿಡಬೇಕು ಎಂದಾದರೆ ನನ್ನ ಬೇಸ್ ಕಾಲೂರಲು ಉಳಿಯುವುದು ಏಳು. ಇದು ಹೊಳೆದ ದಿನ ನಾನು ಬರೆದ ಬೇಸ್ ಸಾಲು ಮೂರಕ್ಕೆ ಏಳುತ್ತದೆ, ಐದಕ್ಕೆ ತೂಗುತ್ತದೆ, ಏಳಕ್ಕೆ ಇಳಿಯುತ್ತದೆ, ಮುಂದಿನ ಒಂದಕ್ಕೆ ಬಾಯಿ ಮುಚ್ಚುತ್ತದೆ. ಅನಾಗತ ಎಡುಪಿನ ಪಲ್ಲವಿ ಹಾಡಿಸಿಕೊಂಡು ಬೆಳೆದವರಿಗೆ ಸಮ ಬಿಟ್ಟು ಎತ್ತುವುದು ಹೊಸದಲ್ಲ. ಇಲ್ಲಿ ಕೊನೆಗೂ ಸಮಕ್ಕೆ ಮರಳದೆ ಇರುವುದು ಹೊಸದು. ಯಾರೂ ಬಾರಿಸದಿದ್ದರೂ ಆ ಒಂದು ಅಲ್ಲೇ ಇರುತ್ತದೆ. ಕುಣಿಯುವವರ ಸೊಂಟದಲ್ಲಿ ಅದು ಕಾಣುತ್ತದೆ.

ಫೆಸ್ತೆಹೋ ಬೇರೆ ತರಹದ ಪಾಠ ಕಲಿಸಿತು. ಅದು ವೇಗದ, ಸಂಭ್ರಮದ ನಡೆ. ಕಾಗದದ ಮೇಲೆ ಬರೆದರೆ ತಿಶ್ರ, ಅಂದರೆ ಮೂರರ ನಡೆ. ಮಾಯೆಸ್ತ್ರೊ ಬಾರಿಸಿದ ಒಂದು ಫೆಸ್ತೆಹೋವನ್ನು ನಾನು ಮನೆಯಲ್ಲೇ ರೆಕಾರ್ಡ್ ಮಾಡಿದೆ. ಆಮೇಲೆ ಮಾಡಬಾರದ ಕೆಲಸ ಮಾಡಿದೆ: ಲ್ಯಾಪ್‌ಟಾಪಿನಲ್ಲಿ ಪ್ರತಿ ಪೆಟ್ಟನ್ನೂ ಎಳೆದು ಗೆರೆಗೆ ಸರಿಯಾಗಿ ಕೂರಿಸಿದೆ. ಅವರಿಗೆ ಕೇಳಿಸಿದಾಗ ಅರ್ಧ ನಿಮಿಷ ಸುಮ್ಮನಿದ್ದು, "ಇದು ಯಾರು ಬಾರಿಸಿದ್ದು?" ಎಂದು ಕೇಳಿದರು. ನಿಜಕ್ಕೂ ಗುರುತು ಸಿಕ್ಕಿರಲಿಲ್ಲ ಅವರಿಗೆ. ಅಂದು ರಾತ್ರಿ ಮೂಲ ರೆಕಾರ್ಡಿಂಗನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಮೂರು ಪೆಟ್ಟಿನಲ್ಲಿ ನಡುವಿನದು ಪ್ರತಿಸಲವೂ ಗೆರೆಯಿಂದ ಒಂದು ಕೂದಲೆಳೆ ಆಚೆ, ಮೂರನೆಯದು ಅದರ ಬೆನ್ನಿಗೆ ಅಂಟಿಕೊಂಡಂತೆ. ಅದು ತಪ್ಪಲ್ಲ, ಪ್ರತಿ ಆವರ್ತದಲ್ಲೂ ಹಾಗೇ ಇತ್ತು. ತಿಶ್ರ ಅಲ್ಲ, ನಾಲ್ಕರ ನಡೆಯಾದ ಚತುರಶ್ರವೂ ಅಲ್ಲ, ಎರಡರ ನಡುವೆ ಎಲ್ಲೋ ಅವರ ಕೈ ಬದುಕಿತ್ತು. ನಾನು ಅದನ್ನೇ ಒರೆಸಿ ಹಾಕಿದ್ದೆ. ಅಂದಿನಿಂದ ನಮ್ಮ ಗುಂಪಿನ ಯಾವ ರೆಕಾರ್ಡಿಂಗಿನಲ್ಲೂ ಕಹೋನ್ ಪೆಟ್ಟನ್ನು ಯಾರೂ ಸರಿಸಿಲ್ಲ. ವೇಗ ಹಿಡಿದಿಡಲು ಕಿವಿಗೆ ಕ್ಲಿಕ್ ಸದ್ದು ಹಾಕಿಕೊಳ್ಳುವುದನ್ನೂ ಬಿಟ್ಟೆವು.

ಈ ಬೆರಕೆಯನ್ನು ಮಾಡಿದವರಲ್ಲಿ ನಾವು ಮೊದಲಿಗರೇನಲ್ಲ. 1980ರ ದಶಕದಲ್ಲೇ ಲೀಮಾದಲ್ಲಿ ಪೆರುಜಾಝ್ ಎಂಬ ಗುಂಪು ಇತ್ತು, ಅದರಲ್ಲಿ ಜೂಲಿಯೊ 'ಚೊಕೊಲಾತೆ' ಅಲ್ಗೆಂದೋನೆಸ್ ಅವರ ತಾಳವಾದ್ಯ. ವೆದರ್ ರಿಪೋರ್ಟ್ ಎಂಬ ಅಮೆರಿಕದ ಜಾಝ್ ಗುಂಪಿನಲ್ಲಿ ಡ್ರಮ್ಸ್ ಬಾರಿಸಿದ ಅಲೆಕ್ಸ್ ಅಕುನ್ಯಾ ಪೆರುವಿನವರೇ. ಟ್ರಂಪೆಟ್ ವಾದಕ ಗೇಬ್ರಿಯೆಲ್ ಅಲೆಗ್ರಿಯಾ 2005ರಲ್ಲಿ ಕಟ್ಟಿದ ಆಫ್ರೋ-ಪೆರುವಿಯನ್ ಸೆಕ್ಸ್‌ಟೆಟ್ ಕೇಳಿದ ಮೇಲೆಯೇ ನನಗೆ ಕಹೋನ್ ಮತ್ತು ಡ್ರಮ್ ಸೆಟ್ ಒಂದೇ ವೇದಿಕೆಯಲ್ಲಿ ಬಾಳಬಹುದು ಎಂಬ ನಂಬಿಕೆ ಬಂದದ್ದು.

'ಶುದ್ಧ ಪರಂಪರೆಯನ್ನು ಕೆಡಿಸುತ್ತಿದ್ದೀರಿ' ಎನ್ನುವವರೂ ಇದ್ದಾರೆ. ಆ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಕ್ಕೆ ಬರುವಷ್ಟರಲ್ಲಿ ಈ ಹಾಡು ಕುಣಿತಗಳಲ್ಲಿ ಎಷ್ಟೋ ಮರೆತೇ ಹೋಗುತ್ತಿದ್ದವು. ಕವಿ ನಿಕೊಮೇದೆಸ್ ಸಾಂತಾ ಕ್ರೂಸ್ ಮತ್ತು ಅವರ ಅಕ್ಕ ವಿಕ್ಟೋರಿಯಾ ಸಾಂತಾ ಕ್ರೂಸ್ ಹಿರಿಯರ ಬಾಯಲ್ಲಿ ಉಳಿದ ಚೂರುಪಾರು ಸಾಲುಗಳನ್ನು ಆಯ್ದು, ಕುಣಿತವನ್ನು ಮೈನೆನಪಿನಿಂದ ಮತ್ತೆ ಕಟ್ಟಿ ವೇದಿಕೆಗೆ ತಂದರು. 1969ರಲ್ಲಿ ರೊನಾಲ್ಡೊ ಕಾಂಪೋಸ್ ಪೆರು ನೆಗ್ರೊ ತಂಡ ಕಟ್ಟಿದರು. ಕ್ಯೂಬಾದ ಕಾಂಗಾ, ಬಾಂಗೋ ಡೋಲುಗಳು ಇದರೊಳಗೆ ಸೇರಿಕೊಂಡದ್ದೂ ಆ ಪುನರುಜ್ಜೀವನದ ದಿನಗಳಲ್ಲೇ. ಅಂದರೆ ನನ್ನ ಕೈಗೆ ಬಂದ ಲಾಂಡೋ ಕೂಡ ಪ್ರೀತಿಯಿಂದ ಕೂಡಿಸಿ ಹೊಲಿದದ್ದು. ಹೊಲಿದವರ ಹೆಸರು ಗೊತ್ತಿದ್ದೂ ಹೇಳದಿದ್ದರೆ ಅದು ಕೆಡುಕು. ಇನ್ನೊಂದು ಎಳೆ ಸೇರಿಸಿದರೆ ಅಲ್ಲ.

ಇನ್ನು ಕೆಲಸದ ಮಾತು. ನಮ್ಮದು ಐದು ಜನರ ಗುಂಪು: ಕಹೋನ್, ಡ್ರಮ್ಸ್, ಪಿಯಾನೋ, ಸ್ಯಾಕ್ಸೊಫೋನ್, ಬೇಸ್. ಮೊದಲ ಆರು ತಿಂಗಳು ನಾವು ನುಡಿಸಿದ್ದು ಕೇಳುವ ಹಾಗಿರಲಿಲ್ಲ. ಪಿಯಾನೋದವನು ಒಂದೊಂದು ಪೆಟ್ಟಿಗೂ ಹೊಸ ಕಾರ್ಡ್ ಜೋಡಿಸುತ್ತಿದ್ದ. ಹಳೆಯ ಫೆಸ್ತೆಹೋಗಳಲ್ಲಿ ಎಷ್ಟೋ ಎರಡು ಮೂರು ಕಾರ್ಡ್‌ಗಳಲ್ಲೇ ಮುಗಿಯುತ್ತವೆ. ಅದು ಬಡತನವಲ್ಲ, ತಾಳ ಓಡಾಡಲು ಬಿಟ್ಟ ಅಂಗಳ. ಅಲ್ಲಿ ಪ್ರತಿ ಹೆಜ್ಜೆಗೂ ಒಂದು ಕುರ್ಚಿ ಇಟ್ಟರೆ ಕುಣಿಯುವುದು ಹೇಗೆ? ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕಾರ್ಡ್ ಬದಲಾಗುವುದು ಎರಡು ಬಾರ್‌ಗೆ ಒಮ್ಮೆ, ಅದೂ ಒಂದನೆಯ ಎಣಿಕೆಯ ಮೇಲಲ್ಲ. ಬಣ್ಣ ಎಷ್ಟು ಬೇಕಾದರೂ ಹಾಕು, ಜಾಗ ಮಾತ್ರ ಬದಲಿಸಬೇಡ.

ಡ್ರಮ್ ಸೆಟ್ ಇನ್ನೂ ಕಷ್ಟ ಕೊಟ್ಟಿತು. ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಗುಂಯ್ಗುಟ್ಟುವಿಕೆ ಕಹೋನ್ ಅಂಚಿನ ಒಣ ಸದ್ದನ್ನು ಪೂರ್ತಿ ನುಂಗಿಬಿಡುತ್ತದೆ, ಕಾಲಿನ ಬಾಸ್ ಡ್ರಮ್ ಅದರ ಗುಮ್ ಸದ್ದಿನ ಮೇಲೆ ಕೂತುಬಿಡುತ್ತದೆ. ಡ್ರಮ್ಸ್ ಬಾರಿಸುವ ಹುಡುಗಿ ಬಹಳ ಜಾಣೆ. ಒಂದು ದಿನ ರೈಡ್ ಅನ್ನೇ ಕಳಚಿಟ್ಟು, ಅದರ ಸ್ಟ್ಯಾಂಡಿಗೆ ಕಿಹಾದಾ ಕಟ್ಟಿಕೊಂಡು ಬಂದಳು. ಕಿಹಾದಾ ಎಂದರೆ ಕತ್ತೆಯ ದವಡೆ ಮೂಳೆ. ಚೆನ್ನಾಗಿ ಶುದ್ಧಮಾಡಿ ಒಣಗಿಸಿದರೆ ಹಲ್ಲುಗಳು ಸಡಿಲವಾಗಿ ಕುಳಿಯಲ್ಲೇ ಅಲುಗಾಡುತ್ತವೆ. ಮುಷ್ಟಿಯಿಂದ ಗುದ್ದಿದರೆ ಹಲ್ಲೆಲ್ಲ ಒಮ್ಮೆಗೇ ಝರ್ರನೆ ನಡುಗುತ್ತವೆ, ಕಡ್ಡಿಯಿಂದ ಹಲ್ಲಿನ ಸಾಲಿನ ಮೇಲೆ ಎಳೆದರೆ ಕರಕರ. ಆ ನಡುಕ ನಾವು ಸಿಂಬಲ್‌ನಿಂದ ಬಯಸಿದ್ದನ್ನೆಲ್ಲ ಕೊಟ್ಟು, ಕಹೋನ್‌ಗೆ ಅದರ ಜಾಗ ಬಿಟ್ಟುಕೊಟ್ಟಿತು. ಮೊದಲ ಎರಡು ಕೋರಸ್‌ನಲ್ಲಿ (ಕೋರಸ್ ಎಂದರೆ ಹಾಡಿನ ಒಂದು ಪೂರ್ತಿ ಸುತ್ತು) ಈಗಲೂ ಅವಳ ಕಾಲು ಪೆಡಲ್ ಮುಟ್ಟುವುದಿಲ್ಲ. ಮೈಕಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ: ಕಹೋನ್‌ಗೆ ಎರಡು ಮೈಕ್ ಬೇಕು, ಹಿಂದಿನ ತೂತಿಗೆ ಒಂದು, ಮುಂದಿನ ಹಲಗೆಗೆ ಒಂದು. ಒಂದೇ ಇಟ್ಟರೆ ಪ್ರೇಕ್ಷಕರಿಗೆ ಅರ್ಧ ವಾದ್ಯ ಮಾತ್ರ ಕೇಳಿಸುತ್ತದೆ.

ಸೋಲೋ ಎಲ್ಲಿ ಇಡಬೇಕು ಎನ್ನುವುದರಲ್ಲೂ ಎಡವಿದ್ದೆವು. ಜಾಝ್‌ನ ವಾಡಿಕೆಯಂತೆ ಹಾಡು ಮುಗಿಸಿ, ಒಬ್ಬೊಬ್ಬರಾಗಿ ಸೋಲೋ ನುಡಿಸಿ, ಮತ್ತೆ ಹಾಡಿಗೆ ಬರುತ್ತಿದ್ದೆವು. ಆದರೆ ಈ ಹಾಡುಗಳ ಕೊನೆಯಲ್ಲಿ ಫೂಗಾ ಎಂಬ ಭಾಗ ಬರುತ್ತದೆ. ಮುಂದಾಳು ಒಂದು ಸಾಲು ಎಸೆಯುತ್ತಾನೆ, ಮಿಕ್ಕವರು ಉತ್ತರ ಕೊಡುತ್ತಾರೆ, ಕಾವು ಏರುತ್ತಾ ಹೋಗುತ್ತದೆ. ಸೋಲೋಗಳನ್ನು ಎತ್ತಿ ಅಲ್ಲಿಗೆ ಇಟ್ಟೆವು. ಈಗ ಸ್ಯಾಕ್ಸೊಫೋನ್ ಮುಂದಾಳು, ನಾವು ನಾಲ್ವರು ಬಾಯಲ್ಲೇ ಉತ್ತರಿಸುತ್ತೇವೆ. ಉತ್ತರಕ್ಕೆ ಜಾಗ ಬಿಡಲೇಬೇಕಾದ್ದರಿಂದ ಅವನ ಸ್ವರಗಳು ಅರ್ಧಕ್ಕೆ ಇಳಿದವು, ಮಾತು ಸ್ಪಷ್ಟವಾಯಿತು. ನಾವು ಮಾಡಿದ ಬದಲಾವಣೆಗಳಲ್ಲಿ ನನಗೆ ಅತಿ ಹೆಮ್ಮೆಯದು ಇದೇ.

ಒಂದು ನೋವನ್ನೂ ಬರೆಯಬೇಕು. ಮಾಯೆಸ್ತ್ರೊ ಹಿಂದೆ ಬೇರೊಂದು ಗುಂಪಿನ ಜೊತೆ ರೆಕಾರ್ಡ್ ಮಾಡಿದ ಆಲ್ಬಮ್ ಒಂದನ್ನು ನನಗೆ ತೋರಿಸಿದರು. ಇಡೀ ಹಾಡು ನಿಂತಿದ್ದೇ ಅವರು ಕಟ್ಟಿದ ನಡೆಯ ಮೇಲೆ. ಒಳಪುಟದಲ್ಲಿ ಸಂಗೀತ ಸಂಯೋಜನೆ ಎಂದು ಇನ್ನೊಬ್ಬರ ಹೆಸರು, ಇವರದು ಕೆಳಗೆ 'ತಾಳವಾದ್ಯ' ಎಂಬ ಪಟ್ಟಿಯಲ್ಲಿ, ಅದೂ ಕಾಗುಣಿತ ತಪ್ಪಾಗಿ. ಒಂದು ದಿನದ ಕೂಲಿ ಬಿಟ್ಟರೆ ಬೇರೇನೂ ಬರಲಿಲ್ಲವಂತೆ. ಅವರು ಅದನ್ನು ಸಿಟ್ಟಿಲ್ಲದೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ರಾಗಕ್ಕೆ ಒಡೆಯನಿದ್ದಾನೆ, ತಾಳ ಊರವರದ್ದು ಎಂಬ ಲೆಕ್ಕ ಅನ್ಯಾಯದ್ದು. ನಮ್ಮ ಎಲ್ಲ ಹಾಡುಗಳಲ್ಲೂ ಅವರು ಸಹ-ಸಂಯೋಜಕರು, ಬರುವ ಹಣದಲ್ಲಿ ಅರ್ಧ ಅವರದ್ದು, ಕಾಗದದ ಮೇಲೆ ಸಹಿ ಮಾಡಿ. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ತಾಲೀಮಿಗೂ ಮುಂಚೆ ಈ ಮಾತು ಮುಗಿಸಿಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ಹೋದ ಡಿಸೆಂಬರಿನಲ್ಲಿ ಮಾಯೆಸ್ತ್ರೊ ನಮ್ಮನ್ನೆಲ್ಲ ಎಲ್ ಕಾರ್ಮೆನ್‌ಗೆ ಕರೆದುಕೊಂಡು ಹೋದರು. ಲೀಮಾದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್, ಚಿಂಚಾ ಸೀಮೆಯ ಊರು. ಪಿಟೀಲು ಮತ್ತು ಸಪಾತೆಯೊ ಎಂಬ ಪಾದ ಬಡಿಯುವ ಕುಣಿತಕ್ಕೆ ಹೆಸರಾದ ಅಮಾದೋರ್ ಬಲ್ಲುಂಬ್ರೋಸಿಯೊ ಅವರ ಊರು ಅದು. ಕ್ರಿಸ್‌ಮಸ್ ದಿನಗಳಲ್ಲಿ ಅಲ್ಲಿ ಹುಡುಗರು ಎದೆಗೆ ಅಡ್ಡಪಟ್ಟಿ ಕಟ್ಟಿ, ಕೈಯಲ್ಲಿ ಗಂಟೆ ಹಿಡಿದು, ಒಂದೇ ಪಿಟೀಲಿನ ಹಿಂದೆ ಬೀದಿಬೀದಿ ಕುಣಿಯುತ್ತಾರೆ. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅತಾಹೊ ದೆ ನೆಗ್ರಿತೋಸ್ ಇದೇ. ಹುಡುಗರ ಪಾದದ ಸದ್ದು ಕೇಳುತ್ತಾ ನಿಂತಾಗ ಮೃದಂಗದ ತನಿಯಲ್ಲಿ (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ) ಬರುವ ಸವಾಲ್-ಜವಾಬ್ ನೆನಪಾಗಿ ಗಂಟಲು ಕಟ್ಟಿತು.

ಸಂಜೆ ಮಾಯೆಸ್ತ್ರೊ ಅವರ ನೆಂಟರ ಮನೆಯ ಅಂಗಳದಲ್ಲಿ ನಮ್ಮ ಕಛೇರಿ. ಒಂದು ಮೂಲೆಯಲ್ಲಿ ಅವರ ಅತ್ತಿಗೆ ದೊಡ್ಡ ಪಾತ್ರೆಯಿಂದ ಕಾರಾಪುಲ್ಕ್ರಾ ಬಡಿಸುತ್ತಿದ್ದರು. ಒಣಗಿಸಿದ ಆಲೂಗಡ್ಡೆಯ ಖಾರದ ಪಲ್ಯ, ಜೊತೆಗೆ ಸೋಪಾ ಸೆಕಾ ಎಂಬ ಶಾವಿಗೆ. ಆ ಅತ್ತಿಗೆಯ ವಯಸ್ಸು ಎಪ್ಪತ್ತು ದಾಟಿರಬೇಕು. ಮೊದಲ ಎರಡು ಹಾಡಿಗೆ ತಲೆ ಎತ್ತಲಿಲ್ಲ. ಮೂರನೆಯದು ಆ ಲಾಂಡೋ. ನಾನು ಒಂದನ್ನು ಬಿಟ್ಟು ಮೂರಕ್ಕೆ ಎದ್ದೆ. ಐದಾರು ಆವರ್ತ ಆಗಿರಬೇಕು, ಅವರು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಳದ ನಡುವಿಗೆ ಬಂದರು. ನಾನು ಬಾರಿಸದೆ ಬಿಟ್ಟ ಆ ಜಾಗದಲ್ಲಿ ಅವರ ಭುಜ ಪ್ರತಿಸಲವೂ ಮೆಲ್ಲಗೆ ಇಳಿಯುತ್ತಿತ್ತು. ಪಿಯಾನೋ ಸೋಲೋದ ಎರಡನೆಯ ಕೋರಸ್ ಶುರುವಾಯಿತು, ಕಾರ್ಡ್‌ಗಳು ದಟ್ಟವಾದವು. ಅವರು ಎಂಟು ಬಾರ್ ಕಾದು ನೋಡಿದರು, ನಿಂತರು, ಹೋಗಿ ಮತ್ತೆ ಸೌಟು ಹಿಡಿದರು.

ಮಾಯೆಸ್ತ್ರೊ ನನ್ನ ಕಡೆ ನೋಡಿದರು, ನಾನು ಪಿಯಾನೋದವನ ಕಡೆ. ಲೀಮಾಕ್ಕೆ ಮರಳುವ ಬಸ್ಸಿನಲ್ಲಿ ಅವನೇ ಪೆನ್ಸಿಲ್ ತೆಗೆದು ಆ ಕೋರಸ್ ಮೇಲೆ ಗೆರೆ ಎಳೆದ.