ಒಡೆದ ಬಂಪರ್ ಬದಲಿಸೋಣ, ಮನೆಯಲ್ಲೇ

ಮೊದಲ ಸಲ ಬಂಪರ್ ಬಿಚ್ಚಿದಾಗ, ಸ್ಕ್ರೂಗಳೆಲ್ಲ ಮುಗಿದವು ಅಂದುಕೊಂಡು ಎರಡೂ ಕೈಯಲ್ಲಿ ಹಿಡಿದು ಎಳೆದಿದ್ದೆ. ಚಟ್ ಅಂತ ಸದ್ದಾಯಿತು. ಚಕ್ರದ ಪಕ್ಕ ಬಂಪರನ್ನು ಹಿಡಿದಿಡುವ ಸಣ್ಣ ಪ್ಲಾಸ್ಟಿಕ್ ಕೊಕ್ಕೆ ತುಂಡಾಗಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದರೆ ಒಳಮೂಲೆಯಲ್ಲಿ ಒಂದೇ ಒಂದು ಸ್ಕ್ರೂ ಉಳಿದಿತ್ತು. ಅವತ್ತಿನಿಂದ ನನಗೆ ಇದೊಂದೇ ನಿಯಮ: ಬಂಪರ್ ಬರ್ತಾ ಇಲ್ಲ ಅಂದರೆ ಎಲ್ಲೋ ಒಂದು ಸ್ಕ್ರೂವೋ ಕ್ಲಿಪ್ಪೋ ಬಾಕಿ ಇದೆ. ಎಳೆಯುವುದನ್ನು ನಿಲ್ಲಿಸಿ, ಹುಡುಕಿ.

ಇಷ್ಟು ತಾಳ್ಮೆ ಇದ್ದರೆ ಈ ಕೆಲಸ ಯಾರಿಗಾದರೂ ಸಾಧ್ಯ. ವೆಲ್ಡಿಂಗ್ ಇಲ್ಲ, ದೊಡ್ಡ ಯಂತ್ರ ಬೇಡ. ಕೈ ಪಳಗಿದವರು ಒಂದೆರಡು ಗಂಟೆಯಲ್ಲಿ ಮುಗಿಸುತ್ತಾರೆ. ಮೊದಲ ಸಲ ಮಾಡುವವರು ಒಂದಿಡೀ ದಿನ ಬಿಡುವು ಇಟ್ಟುಕೊಳ್ಳಿ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಬಂಪರ್ ಭಾರ ಏನಿಲ್ಲ, ಆದರೆ ಉದ್ದ ಜಾಸ್ತಿ. ಒಬ್ಬರೇ ಹಿಡಿದರೆ ಇನ್ನೊಂದು ತುದಿ ಜೋಲಾಡಿ ಎಲ್ಲಾದರೂ ಉಜ್ಜುತ್ತದೆ.

ಒಡೆದಿರುವುದು ಯಾವುದು?

ನಾವು ಬಂಪರ್ ಅನ್ನುವುದು ನಿಜವಾಗಿ ಮೂರು ಪದರ. ಹೊರಗೆ ಕಾಣುವುದು ಬಣ್ಣ ಬಳಿದ ಪ್ಲಾಸ್ಟಿಕ್ ಕವರ್. ಹೆಚ್ಚಿನ ಕಾರುಗಳಲ್ಲಿ ಇದು ಪಾಲಿಪ್ರೊಪಿಲಿನ್ ಜಾತಿಯ ಪ್ಲಾಸ್ಟಿಕ್. ಅದರ ಹಿಂದೆ ಪೆಟ್ಟನ್ನು ಹೀರಿಕೊಳ್ಳಲು ಫೋಮ್ ಅಥವಾ ಜೇನುಗೂಡಿನಂಥ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದಕ್ಕೂ ಹಿಂದೆ ಉಕ್ಕಿನದೋ ಅಲ್ಯೂಮಿನಿಯಂದೋ ಒಂದು ಗಟ್ಟಿ ಅಡ್ಡಪಟ್ಟಿ. ಹಳೆಯ ಕಾರುಗಳಲ್ಲಿ ಕ್ರೋಮ್ ಲೇಪದ ಉಕ್ಕಿನ ಪಟ್ಟಿಯೇ ಹೊರಗೆ ಕಾಣುತ್ತಿತ್ತು. 1972ರಲ್ಲಿ ರೆನೋ 5 ಕಾರು ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ಬಂತು. ಆಮೇಲೆ ನಿಧಾನವಾಗಿ ಎಲ್ಲರೂ ಅದೇ ದಾರಿ ಹಿಡಿದರು.

ಮನೆಯಲ್ಲಿ ಬದಲಿಸಬಹುದಾದದ್ದು ಹೊರಗಿನ ಕವರ್ ಮತ್ತು ಫೋಮ್. ಒಳಗಿನ ಅಡ್ಡಪಟ್ಟಿ ಸೊಟ್ಟಗಾಗಿದ್ದರೆ ಅದನ್ನು ಬಡಿದು ನೇರ ಮಾಡಲು ಹೋಗಬೇಡಿ. ಡಿಕ್ಕಿಯಾದಾಗ ನಿಮ್ಮನ್ನು ಕಾಯುವುದು ಅದೇ. ಬಾನೆಟ್ ಮುಚ್ಚಿ, ಅದರ ಎಡಬಲದ ಸಂದುಗಳನ್ನು ನೋಡಿ. ಒಂದು ಕಡೆ ಬೆರಳು ಹೋಗುವಷ್ಟು, ಇನ್ನೊಂದು ಕಡೆ ಕಾಗದ ಹೋಗುವಷ್ಟು ಜಾಗ ಇದ್ದರೆ ಪೆಟ್ಟು ಒಳಗಿನವರೆಗೂ ಹೋಗಿದೆ ಅಂತ ಅರ್ಥ. ಹೆಡ್‌ಲೈಟ್ ಒಳಕ್ಕೆ ಸರಿದಿದ್ದರೆ, ಎಂಜಿನ್ ತಂಪಾಗಿಡುವ ಬಣ್ಣದ ದ್ರವ (ಕೂಲೆಂಟ್) ಕೆಳಗೆ ತೊಟ್ಟಿಕ್ಕುತ್ತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಆರದೆ ಉಳಿದಿದ್ದರೆ ಸೀದಾ ವರ್ಕ್‌ಶಾಪಿಗೆ ಹೋಗಿ. ವಿಮೆ ಕ್ಲೇಮ್ ಮಾಡುವ ಯೋಚನೆ ಇದ್ದರೆ ಬಿಚ್ಚುವ ಮೊದಲೇ ವಿಮಾ ಕಂಪನಿಗೆ ಹೇಳಿ, ಫೋಟೊ ತೆಗೆದಿಟ್ಟುಕೊಳ್ಳಿ.

ಕವರ್ ಬರೀ ತಗ್ಗಾಗಿದೆ, ಎಲ್ಲೂ ಸೀಳಿಲ್ಲ ಅಂದರೆ ಬದಲಿಸಲು ಆತುರ ಬೇಡ. ತಗ್ಗಿನ ಮೇಲೆ ಬಿಸಿನೀರು ಸುರಿದು ಹಿಂದಿನಿಂದ ಒತ್ತಿದರೆ ಎಷ್ಟೋ ಸಲ ಪ್ಲಾಸ್ಟಿಕ್ ತನ್ನ ಮೊದಲ ಆಕಾರಕ್ಕೆ ಮರಳುತ್ತದೆ. ಕೈ ಸುಡದಂತೆ ದಪ್ಪ ಗ್ಲೌಸ್ ಹಾಕಿಕೊಳ್ಳಿ.

ಇನ್ನೊಂದು ಮಾತು. ತಾನೇ ಬ್ರೇಕ್ ಹಾಕುವ, ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ಕಾರುಗಳಲ್ಲಿ ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಸಾಮಾನ್ಯವಾಗಿ ರೇಡಾರ್ ಇರುತ್ತದೆ. ಪಕ್ಕದ ವಾಹನದ ಎಚ್ಚರಿಕೆ ಕೊಡುವ ರೇಡಾರ್ ಹಿಂದಿನ ಬಂಪರಿನ ಮೂಲೆಗಳಲ್ಲಿರುತ್ತದೆ. ಇವುಗಳ ದಿಕ್ಕು ಸ್ವಲ್ಪ ತಪ್ಪಿದರೂ ಕಾರು ತಪ್ಪು ಲೆಕ್ಕ ಹಾಕುತ್ತದೆ. ಕೂರಿಸಿದ ಮೇಲೆ ಯಂತ್ರ ಇಟ್ಟು ಸರಿಹೊಂದಿಸಬೇಕಾಗಬಹುದು. ನಿಮ್ಮ ಕಾರಿನಲ್ಲಿ ಇವು ಇದ್ದರೆ ಈ ಕೆಲಸ ಮನೆಯಲ್ಲಿ ಬೇಡ ಅನ್ನುವುದು ನನ್ನ ಸಲಹೆ.

ಹೊಸ ಕವರ್ ತರುವಾಗ

ಮಾಡೆಲ್ ಹೆಸರು ಹೇಳಿದರೆ ಸಾಲದು. ಅದೇ ಕಾರು ಕೆಲವು ವರ್ಷಕ್ಕೊಮ್ಮೆ ಮುಖ ಬದಲಿಸುತ್ತದೆ. ತಯಾರಾದ ವರ್ಷ, ವೇರಿಯಂಟ್, ಫಾಗ್ ಲ್ಯಾಂಪ್ ಇದೆಯೋ ಇಲ್ಲವೋ, ಪಾರ್ಕಿಂಗ್ ಸೆನ್ಸರ್ ಎಷ್ಟು, ಎಲ್ಲ ಹೇಳಿ. ಚಾಸಿಸ್ ನಂಬರ್ ಕೊಟ್ಟರೆ ಇನ್ನೂ ಒಳ್ಳೆಯದು.

ಕಂಪನಿಯದೇ ಕವರ್ ಸಿಗುತ್ತದೆ, ಬೇರೆಯವರು ಮಾಡಿದ್ದೂ ಸಿಗುತ್ತದೆ, ಹಳೆಯ ಕಾರಿನಿಂದ ಬಿಚ್ಚಿದ್ದೂ ಸಿಗುತ್ತದೆ. ಬೇರೆಯವರು ಮಾಡಿದ್ದರಲ್ಲಿ ರಂಧ್ರಗಳು ಒಂದೆರಡು ಮಿಲಿಮೀಟರ್ ಆಚೀಚೆ ಇರುವುದುಂಟು. ನಿಮ್ಮ ಕಾರಿನದೇ ಬಣ್ಣದ ಹಳೆಯ ಕವರ್ ಸಿಕ್ಕರೆ ಪೇಂಟಿಂಗ್ ತಾಪತ್ರಯವೇ ಇಲ್ಲ. ಆದರೆ ಕೊಳ್ಳುವ ಮೊದಲು ಅದರ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಮುಖ ಚೆನ್ನಾಗಿದ್ದು ಕೊಕ್ಕೆ ಮುರಿದಿದ್ದರೆ ಪ್ರಯೋಜನವಿಲ್ಲ.

ಹೊಸ ಕವರ್ ಸಾಮಾನ್ಯವಾಗಿ ಕಪ್ಪಾಗೋ ಬೂದು ಪ್ರೈಮರ್ ಬಳಿದೋ ಬರುತ್ತದೆ. ಅದನ್ನು ಬಣ್ಣಕ್ಕೆ ಕೊಡುವ ಮೊದಲು ಕಾರಿಗೆ ಒಮ್ಮೆ ಹಿಡಿದು ನೋಡಿ. ಬಣ್ಣ ಬಳಿದ ಮೇಲೆ ‘ಇದು ಕೂರ್ತಾ ಇಲ್ಲ’ ಅಂದರೆ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಬಣ್ಣದ ಕೋಡ್ ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಕಾರಿಗೆ ಏಳೆಂಟು ವರ್ಷವಾಗಿದ್ದರೆ ಕೋಡ್ ಒಂದನ್ನೇ ನಂಬಬೇಡಿ, ಬಿಸಿಲಿಗೆ ಬಣ್ಣ ಮಾಸಿರುತ್ತದೆ. ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ ಪೇಂಟರಿಗೆ ಕೊಡಿ, ಅದನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಹೊಂದಿಸುತ್ತಾರೆ. ಸ್ಪ್ರೇ ಡಬ್ಬಿ ತಂದು ಮನೆಯಲ್ಲೇ ಬಳಿಯಬಹುದು, ಆದರೆ ಇಷ್ಟು ದೊಡ್ಡ ಮೈಗೆ ಒಂದೇ ಸಮ ಬಣ್ಣ ಹಚ್ಚುವುದು ಕಷ್ಟ. ಅಲ್ಲಿ ಮಾತ್ರ ಹಣ ಉಳಿಸಲು ಹೋಗಬೇಡಿ.

ಬಿಚ್ಚುವ ಕೆಲಸ

10 ಮಿಲಿಮೀಟರ್ ಸಾಕೆಟ್, ಅದಕ್ಕೊಂದು ರ‍್ಯಾಚೆಟ್, ಉದ್ದದ ಎಕ್ಸ್‌ಟೆನ್ಶನ್, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಕೆಲವು ಕಾರುಗಳಿಗೆ ಆರು ಮೂಲೆಯ ನಕ್ಷತ್ರದಂಥ ತುದಿಯ ಟಾರ್ಕ್ಸ್ ಬಿಟ್. ಪ್ಲಾಸ್ಟಿಕ್ ಭಾಗಗಳನ್ನು ಮೀಟಲು ಪ್ಲಾಸ್ಟಿಕ್ಕಿನದೇ ಮೀಟುಗೋಲು ಇದ್ದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಮಾಸ್ಕಿಂಗ್ ಟೇಪ್, ಹಳೆಯ ಕಂಬಳಿ, ಕ್ಲಿಪ್ ತೆಗೆಯುವಾಗ ಕೆಲವು ಮುರಿದೇ ಮುರಿಯುತ್ತವೆ, ಅದಕ್ಕೆ ಹತ್ತು ಹೊಸ ಕ್ಲಿಪ್. ಇಷ್ಟು ಸಾಕು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದು ದೂರ ಇಡಿ. ಫಾಗ್ ಲ್ಯಾಂಪ್, ಸೆನ್ಸರ್ ಇದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಬಂಪರಿಗೆ ತಾಗುವ ಫೆಂಡರ್ (ಮುಂದಿನ ಚಕ್ರದ ಮೇಲಿನ ಬಾಡಿ ಭಾಗ) ಅಂಚಿನುದ್ದಕ್ಕೂ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಬಿಚ್ಚುವಾಗ ಗೀರು ಬೀಳುವುದು ಹೆಚ್ಚಾಗಿ ಅಲ್ಲೇ.

ಚಳಿಗಾಲದ ಬೆಳಗ್ಗೆ ಈ ಕೆಲಸಕ್ಕೆ ಕೂರಬೇಡಿ. ತಣ್ಣಗಿರುವ ಪ್ಲಾಸ್ಟಿಕ್ ಬಾಗುವುದಿಲ್ಲ, ಮುರಿಯುತ್ತದೆ. ಕಾರು ಒಂದು ಗಂಟೆ ಬಿಸಿಲು ಕಾಯಲಿ.

ಮುಂದಿನ ಬಂಪರ್ ಅಂದುಕೊಳ್ಳೋಣ. ಬಾನೆಟ್ ಎತ್ತಿ. ಗ್ರಿಲ್ಲಿನ ಮೇಲಂಚಿನಲ್ಲಿ ಸಾಲಾಗಿ ಬೋಲ್ಟು, ಕ್ಲಿಪ್ಪುಗಳು ಕಾಣುತ್ತವೆ. ಈ ಕ್ಲಿಪ್ಪನ್ನು ಒಮ್ಮೆ ಹತ್ತಿರದಿಂದ ನೋಡಿ. ಶರ್ಟಿನ ಗುಂಡಿಯಷ್ಟು ಅಗಲದ ಕಪ್ಪು ತಲೆ, ನಡುವೆ ಇನ್ನೊಂದು ಸಣ್ಣ ವೃತ್ತ. ಆ ಸಣ್ಣ ವೃತ್ತ ಒಂದು ಮೊಳೆಯ ತಲೆ. ಮೊಳೆ ಒಳಗಿರುವವರೆಗೂ ಕ್ಲಿಪ್ಪಿನ ಕಾಲುಗಳು ಅಗಲಿಸಿಕೊಂಡು ಕಚ್ಚಿರುತ್ತವೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಂದ ಮೊಳೆಯನ್ನು ಮಾತ್ರ ಅರ್ಧ ಸೆಂಟಿಮೀಟರಿನಷ್ಟು ಮೇಲೆತ್ತಿ. ಕಾಲುಗಳು ಸಡಿಲವಾಗಿ ಕ್ಲಿಪ್ ತಾನಾಗೇ ಕೈಗೆ ಬರುತ್ತದೆ. ಕೆಲವು ಬಗೆಯಲ್ಲಿ ಮೊಳೆಯನ್ನು ಎತ್ತುವ ಬದಲು ಒಳಕ್ಕೆ ಒತ್ತಬೇಕು, ಇನ್ನು ಕೆಲವನ್ನು ಕಾಲು ಸುತ್ತು ತಿರುಗಿಸಬೇಕು. ಯಾವ ಬಗೆ ಅಂತ ತಿಳಿಯದೆ ಇಡೀ ತಲೆಯನ್ನೇ ಮೀಟಿದರೆ ಕ್ಲಿಪ್ ಹೋಯಿತು.

ತೆಗೆದ ಸ್ಕ್ರೂಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಬೇಡಿ. ಒಂದು ರಟ್ಟಿನ ಮೇಲೆ ಬಂಪರಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿತ್ತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಆಚೆ ಕಡೆ ಇರುವುದನ್ನು ಚುಚ್ಚಿಬಿಡುತ್ತದೆ.

ಈಗ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಲಾಕ್ ಆಗಿದ್ದರೆ ಕೀ ಹಾಕಿ ಬಿಡಿಸಿಕೊಳ್ಳಿ. ಚಕ್ರ ಸರಿದು ಅದರ ಗೂಡಿನ ಮುಂಭಾಗಕ್ಕೆ ಕೈ ಹಾಕಲು ಜಾಗವಾಗುತ್ತದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತದೆ. ಬಂಪರಿಗೆ ಸೇರಿಕೊಂಡ ಅದರ ಸ್ಕ್ರೂಗಳನ್ನು ಬಿಚ್ಚಿ, ಲೈನರನ್ನು ಬಾಳೆಎಲೆ ಮಡಚಿದ ಹಾಗೆ ಮೆಲ್ಲಗೆ ಪಕ್ಕಕ್ಕೆ ಬಾಗಿಸಿ. ಬಂಪರ್, ಫೆಂಡರ್ ಸೇರುವ ಮೂಲೆಗೆ ಟಾರ್ಚ್ ಬಿಡಿ. ಅಲ್ಲಿ ಕೆಳಗಿನಿಂದ ಮೇಲಕ್ಕೆ ನೆಟ್ಟ ಒಂದು ಸ್ಕ್ರೂ ಇರುತ್ತದೆ, ಮಣ್ಣು ಮೆತ್ತಿಕೊಂಡು ಕಣ್ಣಿಗೆ ಕಾಣುವುದಿಲ್ಲ. ಬೆರಳಾಡಿಸಿ ಹುಡುಕಿ. ನನ್ನ ಕೊಕ್ಕೆ ಮುರಿದದ್ದು ಇದೇ ಸ್ಕ್ರೂವಿನಿಂದ. ಇನ್ನೊಂದು ಬದಿಯಲ್ಲೂ ಇದನ್ನೇ ಮಾಡಿ.

ಕೆಳಗಡೆಯ ಸ್ಕ್ರೂಗಳು ಹೊರಗಿನಿಂದ ಕೈಚಾಚಿದರೆ ಸಿಗಬಹುದು. ಸಿಗದಿದ್ದರೆ ಕಾರನ್ನು ಎತ್ತಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟು, ಕಾರಿನ ಭಾರ ಅದರ ಮೇಲೆ ಕೂತ ಮೇಲಷ್ಟೇ ಕೆಳಗೆ ಹೋಗಿ. ಕಲ್ಲು, ಇಟ್ಟಿಗೆ ಪೇರಿಸುವುದು ಬೇಡವೇ ಬೇಡ.

ಎಲ್ಲ ಬಿಚ್ಚಿದ ಮೇಲೆ ಚಕ್ರದ ಕಡೆಯ ತುದಿಯಿಂದ ಶುರುಮಾಡಿ. ಅಂಚನ್ನು ಹಿಡಿದು ನಿಮ್ಮ ಕಡೆಗೆ, ಅಂದರೆ ಪಕ್ಕಕ್ಕೆ ಎಳೆಯಿರಿ, ಮುಂದಕ್ಕಲ್ಲ. ಟಕ್, ಟಕ್ ಅಂತ ಕೊಕ್ಕೆಗಳು ಒಂದೊಂದಾಗಿ ಬಿಡುತ್ತವೆ. ಎರಡೂ ತುದಿ ಬಿಟ್ಟ ಮೇಲೆ ಇಬ್ಬರೂ ಸೇರಿ ಬಂಪರನ್ನು ಒಂದು ಗೇಣು ಮಾತ್ರ ಮುಂದಕ್ಕೆ ತನ್ನಿ. ಅಲ್ಲೇ ನಿಲ್ಲಿ. ಹಿಂದೆ ವೈರುಗಳಿವೆ. ಒಬ್ಬರು ಹಿಡಿದಿರಲಿ, ಇನ್ನೊಬ್ಬರು ಕನೆಕ್ಟರಿನ ಪುಟ್ಟ ನಾಲಿಗೆಯನ್ನು ಒತ್ತಿ ಬಿಡಿಸಲಿ. ವೈರನ್ನು ಹಿಡಿದು ಎಳೆಯಬಾರದು, ಕನೆಕ್ಟರಿನ ಮೈಯನ್ನೇ ಹಿಡಿಯಬೇಕು.

ಹಿಂದಿನ ಬಂಪರಿನದೂ ಇದೇ ಕ್ರಮ. ಡಿಕ್ಕಿ ಬಾಗಿಲು ಎತ್ತಿ ಅಂಚಿನ ಸ್ಕ್ರೂ ತೆಗೆಯಬೇಕು. ಕೆಲವು ಕಾರುಗಳಲ್ಲಿ ಹಿಂದಿನ ದೀಪಗಳನ್ನು ಬಿಚ್ಚಿದರಷ್ಟೇ ಅದರಡಿಯ ಸ್ಕ್ರೂ ಕಾಣುತ್ತದೆ.

ಹೊಸದನ್ನು ಕೂರಿಸುವ ಮೊದಲು

ಈಗ ಕಾರಿನ ಒಳಮೈ ಕಣ್ಣೆದುರೇ ಇದೆ. ಹಿಸುಕಿಹೋದ ಫೋಮ್ ಬದಲಿಸಿ. ಅಡ್ಡಪಟ್ಟಿ ನೇರವಾಗಿದೆಯಾ, ಅದರ ಬೋಲ್ಟ್ ಸುತ್ತ ಬಿರುಕಿದೆಯಾ ನೋಡಿ. ತುಕ್ಕು ಇದ್ದರೆ ಕೆರೆದು ಪ್ರೈಮರ್ ಹಚ್ಚಿ. ಎಲೆ, ಧೂಳು ಗುಡಿಸಿ ತೆಗೆಯಿರಿ.

ಕಂಬಳಿಯ ಮೇಲೆ ಹಳೆಯ ಕವರ್, ಹೊಸ ಕವರ್ ಎರಡನ್ನೂ ಮುಖ ಕೆಳಗೆ ಮಾಡಿ ಅಕ್ಕಪಕ್ಕ ಮಲಗಿಸಿ. ಗ್ರಿಲ್, ಫಾಗ್ ಲ್ಯಾಂಪ್, ವೈರಿನ ಸಾಲು, ಟೋ ಹುಕ್ (ಕಾರನ್ನು ಎಳೆದೊಯ್ಯಲು ಹಗ್ಗ ಕಟ್ಟುವ ಕೊಕ್ಕೆ) ಮುಚ್ಚಳ ಒಂದೊಂದಾಗಿ ಹಳೆಯದರಿಂದ ಬಿಚ್ಚಿ ಆ ಕೂಡಲೇ ಹೊಸದಕ್ಕೆ ಹಾಕಿ. ಎಲ್ಲವನ್ನೂ ಬಿಚ್ಚಿ ಗುಡ್ಡೆ ಹಾಕಿದರೆ ಯಾವುದು ಎಡ, ಯಾವುದು ಬಲ ಅನ್ನುವ ಗೊಂದಲ ಗ್ಯಾರಂಟಿ. ಪಾರ್ಕಿಂಗ್ ಸೆನ್ಸರುಗಳಿಗೆ ಟೇಪ್ ಅಂಟಿಸಿ 1, 2, 3, 4 ಅಂತ ಬರೆಯಿರಿ. ಯಾವುದು ಮೇಲ್ಮುಖ ಅನ್ನುವುದನ್ನೂ ಗುರುತು ಮಾಡಿ. ತಿರುಗಿ ಕೂತ ಸೆನ್ಸರ್ ನೆಲವನ್ನೇ ಗೋಡೆ ಅಂದುಕೊಂಡು ಕೂಗುತ್ತಿರುತ್ತದೆ. ಅದರ ಮುಖಕ್ಕೆ ದಪ್ಪಗೆ ಬಣ್ಣ ಬಳಿದರೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಕೂರಿಸುವಾಗ ಮೊದಲು ವೈರು, ಆಮೇಲೆ ಬಂಪರ್. ಬ್ಯಾಟರಿ ತಂತಿ ಸಿಕ್ಕಿಸಿ ದೀಪ, ಸೆನ್ಸರ್ ಕೆಲಸ ಮಾಡುತ್ತಿವೆಯಾ ಅಂತ ಆಗಲೇ ನೋಡಿಬಿಡಿ. ಪೂರ್ತಿ ಕೂರಿಸಿದ ಮೇಲೆ ಒಂದು ಕನೆಕ್ಟರ್ ಬಿಟ್ಟಿದೆ ಅಂತ ಗೊತ್ತಾದರೆ ಮತ್ತೆ ಮೊದಲಿಂದ ಬಿಚ್ಚಬೇಕು.

ಬಂಪರಿನ ನಡುಭಾಗವನ್ನು ಮೊದಲು ಅದರ ಜಾಗಕ್ಕೆ ಹಿಡಿದು ಮೇಲಿನ ಎರಡು ಸ್ಕ್ರೂಗಳನ್ನು ಕೈಯಲ್ಲೇ ಸಡಿಲವಾಗಿ ತಿರುಗಿಸಿ. ಆಮೇಲೆ ಎರಡೂ ಪಕ್ಕದ ಕೊಕ್ಕೆಗಳನ್ನು ಅಂಗೈಯಿಂದ ಒತ್ತಿ. ಮತ್ತೆ ಅದೇ ಟಕ್ ಸದ್ದು ಕೇಳಬೇಕು. ಉಳಿದ ಸ್ಕ್ರೂಗಳನ್ನೂ ಸಡಿಲವಾಗಿಯೇ ಹಾಕಿ. ಈಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಹೆಡ್‌ಲೈಟಿನ ಕೆಳಗೆ, ಫೆಂಡರಿನ ಪಕ್ಕ, ಬಾನೆಟ್ಟಿನ ಅಂಚಿನಲ್ಲಿ ಎಡಬಲದ ಸಂದು ಒಂದೇ ಸಮ ಇರಬೇಕು. ಇಲ್ಲದಿದ್ದರೆ ಸ್ವಲ್ಪ ಎತ್ತಿ, ಸ್ವಲ್ಪ ತಳ್ಳಿ ಸರಿಮಾಡಿ. ಇದಕ್ಕೆ ಎಷ್ಟು ಹೊತ್ತಾದರೂ ಪರವಾಗಿಲ್ಲ, ಕಾರು ಚೆಂದ ಕಾಣುವುದು ಈ ಸಂದುಗಳಿಂದಲೇ. ಸಮಾಧಾನವಾದ ಮೇಲೆ ನಡುವಿನಿಂದ ತುದಿಗಳ ಕಡೆಗೆ ಸ್ಕ್ರೂ ಬಿಗಿ ಮಾಡುತ್ತಾ ಬನ್ನಿ. ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಇನ್ನೊಂದು ಸುತ್ತು ಅಂತ ಹೋದರೆ ಪ್ಲಾಸ್ಟಿಕ್ ಸೀಳುತ್ತದೆ.

ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಎಲ್ಲೂ ತಾಗದೆ ಮುಚ್ಚುತ್ತದೆಯಾ ನೋಡಿ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಲೈನರಿಗೆ ಉಜ್ಜುತ್ತಿದ್ದರೆ ಅಲ್ಲಿ ಒಂದು ಕ್ಲಿಪ್ ಸರಿಯಾಗಿ ಕೂತಿಲ್ಲ. ಹತ್ತಿರದಲ್ಲೇ ಒಂದು ಸುತ್ತು ಓಡಿಸಿ ಬನ್ನಿ, ಗಡಗಡ ಸದ್ದು ಇದೆಯಾ ಕಿವಿಗೊಡಿ. ಒಂದು ವಾರ ಓಡಾಡಿದ ಮೇಲೆ ಕೆಳಗಿನ ಸ್ಕ್ರೂಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಹಳೆಯ ಕವರನ್ನು ಗುಜರಿಗೆ ಹಾಕುವ ಮುಂಚೆ ಅದರಲ್ಲಿ ಉಳಿದ ಒಳ್ಳೆಯ ಕ್ಲಿಪ್ಪು, ಸ್ಕ್ರೂಗಳನ್ನು ತೆಗೆದು ಒಂದು ಡಬ್ಬಿಯಲ್ಲಿ ಹಾಕಿಡಿ.