ಸಭಾಪರಿಪಾಲನೆಗೆ ನಾನು ಬಂದ ಸುತ್ತುದಾರಿ

ಮೈಸೂರಿನ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ರೋಗಿಗಳು, ಒಂಟಿ ವೃದ್ಧರು, ಸಾವು ಕಂಡ ಮನೆಯವರು ಮತ್ತು ಸಂಸಾರದ ಕಲಹದಲ್ಲಿ ಬಳಲಿದವರ ಆರೈಕೆಯ ಹೊಣೆ ಈಗ ನನ್ನದು. ಭಾನುವಾರದ ಪ್ರಸಂಗವನ್ನು (ಪ್ರವಚನವನ್ನು) ಹೆಚ್ಚಾಗಿ ಇನ್ನೊಬ್ಬ ಅಯ್ಯನವರು ಮಾಡುತ್ತಾರೆ. ಪ್ರಸಂಗಿಯಾಗಬೇಕೆಂಬ ಒಂದೇ ಹಂಬಲದಿಂದ ದೇವಶಾಸ್ತ್ರ ಓದಲು ಹೊರಟವನು ಇಲ್ಲಿಗೆ ಹೇಗೆ ಬಂದೆನೆಂದು ಕಿರಿಯ ಸಭಾಪಾಲಕರು ಆಗಾಗ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬಿ.ಕಾಂ. ಮುಗಿಸಿ ಮಂಡ್ಯದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಕಾಲ ಲೆಡ್ಜರ್ ಬರೆದೆ. ಅನಂತರ ಮಂಗಳೂರಿನ ಬಲ್ಮಠದಲ್ಲಿ 1965ರಲ್ಲಿ ಸ್ಥಾಪನೆಯಾದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೆ ಸೇರಿದೆ. ಅಲ್ಲಿ ಗ್ರೀಕ್ ಭಾಷೆಗೂ ಪ್ರಸಂಗಶಾಸ್ತ್ರಕ್ಕೂ ಕೊಟ್ಟ ಗಮನವನ್ನು ಆಪ್ತಸಮಾಲೋಚನೆಯ ಪಾಠಕ್ಕೆ ನಾನು ಕೊಡಲಿಲ್ಲ, ಕೊಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ದಿಕ್ಕು ಬದಲಾದದ್ದು ಮಂಡ್ಯ ಜಿಲ್ಲೆಯ ಒಂದು ಚಿಕ್ಕ ಸಭೆಯಲ್ಲಿ. 2015ರಲ್ಲಿ ಕಬ್ಬಿನ ಬಾಕಿ ಮತ್ತು ಸಾಲದ ಹೊರೆಯ ನಡುವೆ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡಿನ ಸುದ್ದಿಯಾಗಿದ್ದವು. ಸಭೆಗೆ ಸೇರದ ಮನೆಗಳಿಗೂ ಆಗ ಹೋಗುತ್ತಿದ್ದೆ. ನನ್ನ ಬೈಬಲ್ಲನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಜಗಲಿಯಲ್ಲಿ ಕೂರಲು ಮಾತ್ರ ಜಾಗ ಬಿಡುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ನೆರೆಯವರು ಅನ್ನ ಸಾರು ಹೊತ್ತು ತರುತ್ತಿದ್ದರು. ಒಬ್ಬರು ಬಾಣಂತಿಯ ಮಗುವನ್ನು ಎತ್ತಿಕೊಳ್ಳುತ್ತಿದ್ದರು, ಮತ್ತೊಬ್ಬರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಿಥಿ ಮುಗಿಯುವವರೆಗೆ ಜನವೋ ಜನ, ಅದರ ಮರುವಾರ ಅದೇ ಜಗಲಿಯಲ್ಲಿ ಸಾಲದ ಕಾಗದಗಳನ್ನು ಹರಡಿಕೊಂಡು ಹೆಂಗಸೊಬ್ಬಳೇ ಕೂತಿರುತ್ತಿದ್ದಳು. ಆ ಕಾಗದಗಳನ್ನು ಓದಿ, ಯಾವುದು ಬ್ಯಾಂಕಿನದು, ಯಾವುದು ಕೈಸಾಲ ಎಂದು ಬೇರ್ಪಡಿಸಿಕೊಡಲು ನನಗೆ ಬರುತ್ತಿತ್ತು. ಲೆಕ್ಕದ ಕಚೇರಿಯ ವಿದ್ಯೆ ನನ್ನ ಸೇವೆಯಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಹೀಗೆ. ಜನ ಕರಗಿದ ಮೇಲೆ ಹೋಗುವವರು ಯಾರಾದರೂ ಬೇಕು ಎಂಬುದೂ ಅಲ್ಲೇ ಮನಸ್ಸಿಗೆ ಹತ್ತಿತು.

ಮೇಲಿನವರ ಅನುಮತಿ ಪಡೆದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕ್ಲಿನಿಕಲ್ ಪಾಸ್ಟೋರಲ್ ತರಬೇತಿಗೆ, ಅಂದರೆ ರೋಗಿಗಳ ನಡುವೆಯೇ ಇದ್ದು ಸಭಾಪಾಲಕನ ಆರೈಕೆಯನ್ನು ಕಲಿಯುವ ತರಬೇತಿಗೆ, ಹೋದೆ. ಈ ಬಗೆಯ ತರಬೇತಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಆಂಟನ್ ಬಾಯ್ಸನ್ ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. 1925ರಲ್ಲಿ ಅಮೆರಿಕದ ವೂಸ್ಟರ್ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡುಗಳಿಗೆ ಕರೆದೊಯ್ದು ಕಲಿಸಲು ತೊಡಗಿದರು. ನಮಗೆ ಅತ್ಯಂತ ಕಠಿಣವಾಗಿದ್ದದ್ದು ವರ್ಬೇಟಿಮ್ ಬರೆಯುವುದು. ರೋಗಿಯನ್ನು ಕಂಡುಬಂದ ಕೂಡಲೇ ಅವರ ಮಾತು, ನಮ್ಮ ಮಾತು, ನಡುವಿನ ಮೌನ ಎಲ್ಲವನ್ನೂ ನೆನಪಿನಿಂದ ಸಂಭಾಷಣೆಯ ರೂಪದಲ್ಲಿ ಬರೆದು ಗುಂಪಿನ ಮುಂದೆ ಓದಬೇಕು. “ಆಪರೇಷನ್‌ಗೆ ಹೆದರಿಕೆ ಆಗ್ತಿದೆ” ಎಂದು ರೋಗಿ ಹೇಳಿದರೆ “ಕರ್ತನು ನೋಡಿಕೊಳ್ತಾನೆ ಬಿಡಿ” ಎಂಬುದು ನಮ್ಮೆಲ್ಲರ ಕಾಗದದಲ್ಲೂ ಇರುತ್ತಿತ್ತು. ಆ ಉತ್ತರದಿಂದ ಯಾರ ಹೆದರಿಕೆ ಕಡಿಮೆಯಾಯಿತು, ರೋಗಿಯದೋ ನಿಮ್ಮದೋ ಎಂದು ತರಬೇತುದಾರರು ಕೇಳುತ್ತಿದ್ದರು. ದೇವರು ಕುರುಬನಂತೆ ಕಾಯುತ್ತಾನೆನ್ನುವ ಬೈಬಲ್ಲಿನ 23ನೆಯ ಕೀರ್ತನೆ ಹಾಸಿಗೆಯ ಪಕ್ಕದಲ್ಲಿ ಎಲ್ಲರಿಗೂ ಬಾಯಿಪಾಠ. ಕತ್ತಲೆಯಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ಓದಿದಾಗ ನಿಟ್ಟುಸಿರು ಬಿಟ್ಟು ಮಾತಿಗೆ ತೊಡಗಿದ ರೋಗಿಗಳನ್ನು ನಾನು ಕಂಡಿದ್ದೇನೆ.

ಮೈಸೂರಿಗೆ ವರ್ಗವಾದ ಮೇಲೆ ಮೊದಲು ಮಾಡಿದ ಕೆಲಸ ಸಾವು ಕಂಡ ಮನೆಗಳ ಭೇಟಿಗೆಂದು ಒಂದು ರಿಜಿಸ್ಟರ್ ತೆರೆದದ್ದು. ಮರಣದ ದಿನಾಂಕದ ಮುಂದೆ ಒಂದು ತಿಂಗಳು, ಮೂರು ತಿಂಗಳು, ಮೊದಲ ಕ್ರಿಸ್ಮಸ್, ವರ್ಷ ತುಂಬಿದ ದಿನ ಎಂಬ ಅಂಕಣಗಳಿವೆ. ಭೇಟಿಗೆ ಇಬ್ಬಿಬ್ಬರು ಹೋಗುತ್ತಾರೆ, ಒಂಟಿ ಮಹಿಳೆಯ ಮನೆಗೆ ಹೋಗುವವರಲ್ಲಿ ಒಬ್ಬರಾದರೂ ಮಹಿಳೆಯೇ ಇರಬೇಕು. ಸಭೆಯ ಮಹಿಳೆಯರ ಅನ್ಯೋನ್ಯ ಕೂಟದ ಅಕ್ಕಂದಿರು, ನಿವೃತ್ತ ನರ್ಸ್‌ಗಳು ಈ ತಂಡದ ಬೆನ್ನೆಲುಬು. 1906ರಲ್ಲಿ ಆರಂಭವಾಗಿ ಮೈಸೂರಿಗರ ಬಾಯಲ್ಲಿ ಮಿಷನ್ ಆಸ್ಪತ್ರೆಯೆಂದೇ ಉಳಿದಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇರುವ ಊರಿನಲ್ಲಿ ಇಂಥ ನರ್ಸ್‌ಗಳು ಸಿಗುವುದು ನಮ್ಮ ಭಾಗ್ಯ. ಅವರಿಗೆ ನಾನು ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಹೆಚ್ಚು. ರೋಗಿಯ ಹಾಸಿಗೆಯ ಮೇಲೆ ಕೂರಬಾರದು, ಕುರ್ಚಿಯನ್ನು ಅವರ ಕಣ್ಣಿನ ಮಟ್ಟಕ್ಕೆ ಎಳೆದುಕೊಳ್ಳಬೇಕು ಎಂಬುದೂ ಅವರದೇ ಪಾಠ.

ಎಲ್ಲವನ್ನೂ ಪ್ರಾರ್ಥನೆಯಿಂದಲೇ ಸರಿಪಡಿಸುತ್ತೇವೆಂಬ ಹಮ್ಮು ಈ ಕೆಲಸದಲ್ಲಿ ಅಪಾಯಕಾರಿ. ಸಾಯುವ ಮಾತು ಬಂದರೆ ನೇರವಾಗಿ ವಿಚಾರಿಸಿ, ಮನೆಯವರ ಜೊತೆಗೂಡಿ ಮನೋವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಂಡದ ಪ್ರತಿಯೊಬ್ಬರೂ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಅದು ಹಗಲಿರುಳು ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಔಷಧಿ ನಿಲ್ಲಿಸಿ ಉಪವಾಸ ಮಾಡಿರೆಂದು ಯಾರಾದರೂ ಹೇಳಿದ್ದು ಕಿವಿಗೆ ಬಿದ್ದರೆ ಅಂದೇ ಆ ಮನೆಗೆ ಹೋಗುತ್ತೇನೆ.

ಗಂಡಸರನ್ನು ಮಾತನಾಡಿಸುವುದು ಇಂದಿಗೂ ಕಷ್ಟ. ಹಜಾರದಲ್ಲಿ ಕೂರಿಸಿದರೆ ಕ್ರಿಕೆಟ್, ಜಮೀನು, ಮಕ್ಕಳ ಕೆಲಸ ಇಷ್ಟೇ ಮಾತು. ಆಸ್ಪತ್ರೆಗೆ ಬೈಕಿನಲ್ಲಿ ಕರೆದೊಯ್ಯುವಾಗ, ಮುಖ ಕಾಣದಿದ್ದಾಗ, ಹಿಂದಿನ ಸೀಟಿನಿಂದ ಮಾತು ಹೊರಡುತ್ತದೆ.

ನಮ್ಮಲ್ಲಿ ಸಭಾಪಾಲಕರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪಿದ್ದಲ್ಲ. ಹೊರಡುವಾಗ ಮುಂದಿನವರಿಗೆ ಏನನ್ನು ಒಪ್ಪಿಸಬೇಕೆಂಬ ವಿಷಯದಲ್ಲಿ ಕಮಿಟಿಯೊಂದಿಗೆ ಸಾಕಷ್ಟು ಚರ್ಚೆ ನಡೆಯಿತು. ಹಿರಿಯರಲ್ಲಿ ಕೆಲವರು ಭೇಟಿಯ ಟಿಪ್ಪಣಿಗಳು ಸಭೆಯ ಆಸ್ತಿಯೆಂದು ವಾದಿಸಿದರು, ನಾನು ಒಪ್ಪಲಿಲ್ಲ. ಹೆಸರು, ವಿಳಾಸ, ಮರಣದ ದಿನಾಂಕ, ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಮನೆಗೇ ಒಯ್ಯಬೇಕಾದವರ ಪಟ್ಟಿ ಇವು ರಿಜಿಸ್ಟರಿನಲ್ಲಿ ಉಳಿಯುತ್ತವೆ. ಜನ ನನ್ನನ್ನು ನಂಬಿ ಹೇಳಿದ ಮಾತುಗಳಿರುವ ಪುಸ್ತಕವನ್ನು ಮಾತ್ರ ಹೊರಡುವ ಮುನ್ನ ಸುಟ್ಟುಹಾಕುತ್ತೇನೆಂದು ಅವರಿಗೆ ತಿಳಿಸಿದ್ದೇನೆ.