ಮಳೆಗಾಲದ ಕಾಳಜಿ ಕೇಂದ್ರ: ಹೆಂಗಸರನ್ನೂ ಲೆಕ್ಕಕ್ಕೆ ಹಿಡಿದು ಸಜ್ಜುಗೊಳಿಸುವುದು ಹೇಗೆ?

2020ರ ಸೆಪ್ಟೆಂಬರ್ 20ರಂದು ಉಡುಪಿಯ ಕಲ್ಸಂಕದಂಥ ನಡುಪೇಟೆಗೂ ನೀರು ನುಗ್ಗಿದ ಮೇಲೆ, ನೆರೆ ಎಂದರೆ ಹೊಳೆಬದಿಯವರ ಪಾಡು ಮಾತ್ರ ಎಂಬ ಧೈರ್ಯ ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಮನೆಗೆ ನೀರು ನುಗ್ಗಿದವರು ಶಾಲೆಯಂಥ ಕಡೆ ತಂಗುವ ಜಾಗವನ್ನು ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದೆವು, ಈಗ ಕಾಳಜಿ ಕೇಂದ್ರ ಎನ್ನುತ್ತೇವೆ. ಅಕ್ಕಿ, ಚಾಪೆ, ಹೊದಿಕೆಗಳ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪುವುದು, ಶಾಲೆಯ ಹಿಂಬದಿಯ ಶೌಚಾಲಯಕ್ಕೆ ಕತ್ತಲಲ್ಲಿ ಹೋಗಬೇಕಾದವರು ಯಾರು ಎಂಬ ಲೆಕ್ಕ. ಕೇಂದ್ರ ನಡೆಸುವ ಹೊಣೆ ಹೊತ್ತ ಪಂಚಾಯತ್ ಸದಸ್ಯರು, ಶಿಕ್ಷಕರು ಮತ್ತು ಯುವಕ ಮಂಡಲದವರಿಗಾಗಿ ಈ ಕೆಲವು ಹಂತಗಳು.

ಮೊದಲನೆಯದು ಪಟ್ಟಿ, ಅದೂ ಮೇ ತಿಂಗಳಲ್ಲೇ. "ಒಟ್ಟು 80 ಜನ" ಎಂದು ಬರೆದಿಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ. ಹೆಂಗಸರು, ಗಂಡಸರು, ಮಕ್ಕಳು, ಒಂಟಿಯಾಗಿರುವ ವೃದ್ಧೆಯರು, ಬಾಣಂತಿಯರು, ನಡೆಯಲಾಗದವರು ಎಂದು ಬೇರೆ ಬೇರೆ ಬರೆಯಬೇಕು. ಗರ್ಭಿಣಿಯರ ವಿವರ ಆಶಾ ಕಾರ್ಯಕರ್ತೆಯ ಬಳಿ ಇದ್ದೇ ಇರುತ್ತದೆ, ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನವೂ ಇರುತ್ತದೆ; ದಿನ ತುಂಬುತ್ತಿರುವವರನ್ನು ರಸ್ತೆ ಮುಳುಗುವ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕಳುಹಿಸುವುದು ದೋಣಿಯಲ್ಲಿ ಸಾಗಿಸುವುದಕ್ಕಿಂತ ಸುಲಭ. ಕರಾವಳಿಯ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುವುದರಿಂದ, ಜೂನ್‌ನಲ್ಲಿ ನೀರು ಬಂದರೆ ಮಲ್ಪೆ, ಉಳ್ಳಾಲದ ಕಡೆಯ ಮನೆಗಳಲ್ಲಿ ಗಂಡಸರು ಇರುತ್ತಾರೆ. ಸೆಪ್ಟೆಂಬರ್‌ನಲ್ಲಿ ಬಂದರೆ ಅವರಲ್ಲಿ ಹಲವರು ಕಡಲಿನಲ್ಲಿರುತ್ತಾರೆ. ಆಗ ಮುದುಕರನ್ನೂ ಮಕ್ಕಳನ್ನೂ ಹೊರಡಿಸಬೇಕಾದವಳು ಒಬ್ಬ ಹೆಂಗಸು. ಎಚ್ಚರಿಕೆಯ ಸಂದೇಶ ಗಂಡಸರ ವಾಟ್ಸಾಪ್ ಗುಂಪಿಗೆ ಮಾತ್ರ ಹೋದರೆ ಅದು ಆಳಸಮುದ್ರದಲ್ಲಿರುವ ಫೋನಿಗೆ ಹೋದಂತೆ.

ಎರಡನೆಯದು ಜಾಗ. ನೆರವಿನ ಕೆಲಸಕ್ಕೆ ಜಗತ್ತಿನೆಲ್ಲೆಡೆ ಬಳಸುವ ಸ್ಫಿಯರ್ ಕೈಪಿಡಿಯ ಪ್ರಕಾರ ತಲಾ ಕನಿಷ್ಠ 3.5 ಚದರ ಮೀಟರ್ ಬೇಕು. ಅಂದರೆ 20 ಅಡಿ ಉದ್ದಗಲದ ತರಗತಿಯಲ್ಲಿ ಸುಮಾರು 10 ಜನ. ಕುಟುಂಬಗಳನ್ನು ಒಡೆಯಬೇಡಿ, ಆದರೆ ಒಂಟಿ ಹೆಂಗಸರಿಗೂ ಹದಿಹರೆಯದ ಹುಡುಗಿಯರಿಗೂ ಒಳಗಿನಿಂದ ಬೋಲ್ಟು ಹಾಕಬಹುದಾದ ಒಂದು ಕೋಣೆಯನ್ನು ಬಿಟ್ಟುಕೊಡಿ. ಮಗುವಿಗೆ ಹಾಲೂಡಿಸಲು ಒಂದು ಮೂಲೆಗೆ ಸೀರೆ ಅಡ್ಡ ಕಟ್ಟಿದರೂ ಸಾಕು. ಮಂಗಳಮುಖಿಯರು ಬಂದರೆ ಎಲ್ಲಿ ಮಲಗುತ್ತಾರೆಂಬುದನ್ನು ನೀವು ತೀರ್ಮಾನಿಸದೆ, ನಾಲ್ಕು ಜನರೆದುರು ಅಲ್ಲದೆ, ಅವರನ್ನೇ ಕೇಳಿ.

ಮೂರನೆಯದು ಶೌಚಾಲಯ. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಕೇಂದ್ರದ ಯೋಗ್ಯತೆ ತಿಳಿಯುವುದು ಇಲ್ಲಿಯೇ. ಅದೇ ಕೈಪಿಡಿ 20 ಜನರಿಗೆ ಒಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು ಎನ್ನುತ್ತದೆ. 80 ಜನರ ಕೇಂದ್ರದಲ್ಲಿ ನಾಲ್ಕಿದ್ದರೆ ಮೂರು ಹೆಂಗಸರಿಗೆ. ಆದರೆ ಸಂಖ್ಯೆ ಸರಿಯಿದ್ದೂ ಬಳಕೆಯಾಗದೆ ಉಳಿಯುವುದುಂಟು. ಬಾಗಿಲಿನ ಚಿಲಕ ಮುರಿದಿರುತ್ತದೆ, ಬಲ್ಬು ಇರುವುದಿಲ್ಲ, ಅಲ್ಲಿಗೆ ಹೋಗುವ ದಾರಿ ಗಂಡಸರು ಕುಳಿತು ಮಾತಾಡುವ ಜಗಲಿಯ ಮುಂದಿನಿಂದಲೇ ಹಾದುಹೋಗುತ್ತದೆ. ಆಗ ಹೆಂಗಸರು ದೂರು ಹೇಳುವುದಿಲ್ಲ. ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಮತ್ತು ಎರಡು ದಿನಗಳಲ್ಲಿ ಉರಿಮೂತ್ರ ಶುರುವಾಗುತ್ತದೆ. ಆದ್ದರಿಂದ ಕೇಂದ್ರ ತೆರೆಯುವ ಹಿಂದಿನ ಸಂಜೆ, ಕತ್ತಲಾದ ಮೇಲೆ, ಸಮಿತಿಯ ಒಬ್ಬ ಮಹಿಳೆ ಕೋಣೆಯಿಂದ ಶೌಚಾಲಯದವರೆಗೆ ನಡೆದು ನೋಡಲಿ. ಕರೆಂಟ್ ಹೋದರೂ ಉರಿಯುವ ದೀಪ, ಒಳಚಿಲಕ, ಬಕೆಟ್, ಚೆಂಬು, ಮುಚ್ಚಳವಿರುವ ಕಸದ ಡಬ್ಬಿ, ಬಾಗಿಲ ಬಳಿ ನೇತುಹಾಕಿದ ಎರಡು ಕೊಡೆ: ಇಷ್ಟಕ್ಕೆ ದೊಡ್ಡ ಖರ್ಚೇನೂ ಬೀಳದು.

ಸಾಮಗ್ರಿಯ ವಿಷಯದಲ್ಲಿ ದಾನಿಗಳ ಒಳ್ಳೆಯ ಮನಸ್ಸೇ ಕೆಲವೊಮ್ಮೆ ತೊಡಕು. ಸೀರೆಗಳ ರಾಶಿಯೇ ಬರುತ್ತದೆ, ಆದರೆ ಲಂಗ, ರವಕೆ, ಒಳಉಡುಪು ಇಲ್ಲದೆ ಆ ಸೀರೆಯನ್ನು ಉಡುವುದು ಹೇಗೆ? ನೆನೆದು ಬಂದವಳಿಗೆ ಮೊದಲು ಬೇಕಾದದ್ದು ನೈಟಿ ಮತ್ತು ಟವೆಲು. ಪ್ಯಾಡುಗಳ ಜೊತೆ ಸಾಬೂನು, ಹಳೆಯ ಪೇಪರ್ ಕೊಡಿ. ತೊಳೆದು ಬಳಸುವ ಬಟ್ಟೆಯ ಪ್ಯಾಡು ಪರಿಸರಕ್ಕೆ ಒಳ್ಳೆಯದೆಂಬುದು ನಿಜವಾದರೂ, ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಮನೆಯೊಳಗೇ ಬಟ್ಟೆ ಒಣಗದ ಊರಿನಲ್ಲಿ, ನೂರು ಕಣ್ಣುಗಳ ನಡುವೆ ಅದನ್ನು ಒಣಹಾಕಲು ಹೇಳುವುದು ನ್ಯಾಯವಲ್ಲ. ಇವನ್ನು ಹಂಚುವವರು ಹೆಂಗಸರೇ ಆಗಿರಲಿ. ಹಂಚುವಾಗ ಫೋಟೊ ಬೇಡ.

ರಾತ್ರಿ ಪಾಳಿಯಲ್ಲಿ ಕನಿಷ್ಠ ಇಬ್ಬರು, ಅವರಲ್ಲಿ ಒಬ್ಬ ಮಹಿಳೆ. ಹೆಂಗಸರ ಕೋಣೆಗೆ ಸ್ವಯಂಸೇವಕರು ಒಬ್ಬರೇ ಹೋಗಬಾರದು. 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 — ಈ ಸಂಖ್ಯೆಗಳನ್ನು ಕಚೇರಿಯ ಗೋಡೆಯ ಮೇಲಲ್ಲ, ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ. ಅಡುಗೆಯ ಬಗ್ಗೆಯೂ ಒಂದು ಮಾತು: ಮನೆ ಕಳೆದುಕೊಂಡು ಬಂದವರೇ ಮರುದಿನದಿಂದ 80 ಜನರ ಗಂಜಿ ಬೇಯಿಸಲು ನಿಲ್ಲುವುದು ನಮ್ಮಲ್ಲಿ ಸಹಜವೆನಿಸಿಬಿಟ್ಟಿದೆ. ಅಡುಗೆಗೆ ಸಂಬಳ ಕೊಟ್ಟು ಜನ ನೇಮಿಸಿ. ಪಾತ್ರೆ ತೊಳೆಯುವ ಪಾಳಿಯಲ್ಲಿ ಗಂಡಸರ ಹೆಸರನ್ನೂ ಬರೆಯಿರಿ.

ಕೊನೆಯದು ನೀರಿಳಿದ ಮೇಲಿನ ಕೆಲಸ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ಪರಿಹಾರ ಕೊಡುವಾಗ ಲಿಂಗ, ಜಾತಿ, ಧರ್ಮದ ಆಧಾರದಲ್ಲಿ ತಾರತಮ್ಯ ಕೂಡದೆನ್ನುತ್ತದೆ, ಆದರೆ ಮಹಜರಿಗೆ, ಅಂದರೆ ಹಾನಿಯನ್ನು ನೋಡಿ ಬರೆದುಕೊಳ್ಳಲು, ಬಂದವರು "ಯಜಮಾನರು ಎಲ್ಲಿ?" ಎಂದು ಕೇಳುವ ರೂಢಿ ಹಾಗೆಯೇ ಇದೆ. ಆಹಾರ ಭದ್ರತಾ ಕಾಯ್ದೆಯಡಿ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಹೆಂಗಸೇ ಆಗಿರುವುದರಿಂದ ಆ ಕಾರ್ಡನ್ನೇ ಮುಂದಿಡಿ, ಅವಳದೇ ಬ್ಯಾಂಕ್ ಖಾತೆಯ ಸಂಖ್ಯೆ ಬರೆಸಿ. ಮಹಜರಿನಲ್ಲಿ ಫ್ರಿಜ್ಜು, ಟಿವಿ ತಾವಾಗಿಯೇ ಸೇರುತ್ತವೆ. ನೆನೆದು ಮುದ್ದೆಯಾದ ಬೀಡಿ ಎಲೆ ಮತ್ತು ಹೊಗೆಸೊಪ್ಪು, ಕೊಚ್ಚಿಹೋದ ಮೀನಿನ ಬುಟ್ಟಿ, ತಕ್ಕಡಿ, ಐಸ್ ಪೆಟ್ಟಿಗೆ, ಕೆಸರು ತುಂಬಿದ ಹೊಲಿಗೆ ಯಂತ್ರ ಇವನ್ನು ಹೇಳಿಯೇ ಬರೆಸಬೇಕು. ಬರೆದದ್ದನ್ನು ಓದಿಸಿಕೊಂಡ ನಂತರವೇ ಅವಳು ಸಹಿ ಹಾಕಲಿ.